ಏಳು ನೀರಲ್ಲಿ ತೊಳೆದ ರಾಗಿ

ಬಾಟಲಿ ಬಿಯರ್ ಕುಡಿಯುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ನಾನು ಕುಡಿಯುತ್ತಿದ್ದದ್ದು ಕೋಲಾರದ ಹೈವೇ ಪಕ್ಕದ ಬ್ರೂವರಿಯಲ್ಲಿ, ಕಣ್ಣೆದುರೇ ತಯಾರಾಗುವ ರಾಗಿ ಬಿಯರ್. ಕುಡಿದರಷ್ಟೇ ಸಾಲದು, ಅದರ ಮೂಲವನ್ನೂ ಹುಡುಕಬೇಕು ಅನ್ನುವ ಚಟ ಬೇರೆ. ಅದಕ್ಕೆ ಬಳಸುವ ಮೊಳಕೆ ರಾಗಿ ತಾಯಲೂರಿನ ರತ್ನಮ್ಮನ ಮನೆಯಿಂದ ಬರುತ್ತದೆ ಎಂದು ತಿಳಿದದ್ದೇ ತಡ, ಬೈಕ್ ಹತ್ತಿದೆ.

ಅರವತ್ತು ದಾಟಿದ ರತ್ನಮ್ಮ ಜಗುಲಿಯಲ್ಲಿ ಮೊಳಕೆ ರಾಗಿಯನ್ನು ಚಾಪೆಯ ಮೇಲೆ ಹರಡುತ್ತಿದ್ದರು. "ನಿಮ್ಮ ರಾಗಿ ಕೋಲಾರಕ್ಕೆ ಹೋಗುತ್ತಲ್ಲಮ್ಮ, ಅಲ್ಲಿಂದ ಬಂದೆ" ಎಂದೆ.

ಅವರ ಮುಖ ಅರಳಿತು. "ಏಳು ನೀರಲ್ಲಿ ತೊಳೀತೀನಿ ಕಣಪ್ಪ. ಹಸುಗೂಸುಗಳು ಕುಡಿಯೋ ಗಂಜಿ. ಒಂದು ಕಲ್ಲು ಉಳಿದ್ರೂ ಪಾಪ ನಂಗೇ ತಾನೆ?"

ಮೊಳಕೆ ರಾಗಿ ಮಕ್ಕಳಿಗಲ್ಲದೆ ಇನ್ನಾರಿಗೆ ಎಂದು ಅವರು ನಂಬಿದ್ದರು. ಕೊಂಡುಹೋಗುವವರೂ ಬಾಯಿ ಬಿಟ್ಟಿರಲಿಲ್ಲ. ಎದುರುಗೋಡೆಯ ಮೇಲೆ "ನಮ್ಮೂರಿಗೆ ಬ್ರಾಂದಿ ಅಂಗಡಿ ಬೇಡ" ಎಂಬ ಮಾಸಿದ ಬರಹವಿತ್ತು. ಅದನ್ನು ಓದುತ್ತಿದ್ದ ನನ್ನನ್ನು ಕಂಡು, "ನಾವು ಹೆಂಗಸರೇ ನಿಂತು ಬರೆಸಿದ್ದು" ಎಂದರು ಹೆಮ್ಮೆಯಿಂದ.

ನಿಜ ಹೇಳಿದರೆ ಈಕೆ ನಾಳೆಯಿಂದ ರಾಗಿ ನೆನೆಸುವುದಿಲ್ಲ, ನನಗೆ ಆ ಬಿಯರ್ ಸಿಗುವುದಿಲ್ಲ. ಬಾಯಿ ಮುಚ್ಚಿಕೊಳ್ಳಲು ನನಗೆ ಅಷ್ಟು ಸಾಕಾಯಿತು.

"ನಿಮ್ಮನೇಲೂ ಮಗು ಐತಾ?"

"ಹೂಂ" ಎಂದೆ. ನನಗಿನ್ನೂ ಮದುವೆಯೇ ಆಗಿಲ್ಲ.

ಒಳಗೆ ಹೋಗಿ ಒಂದು ಸೇರು ಹಿಟ್ಟು ತಂದು ಕೈಗಿಟ್ಟರು. "ಕುಡಿದ್ಮೇಲೆ ಚೆನ್ನಾಗಿ ನಿದ್ದೆ ಮಾಡ್ತದಾ?"

"ಮಾಡ್ತದೆ ಅಮ್ಮ."

ಅದು ಮಾತ್ರ ಸುಳ್ಳಲ್ಲ. ಈಗಲೂ ವಾರಕ್ಕೊಮ್ಮೆ ಹೈವೇ ಪಕ್ಕದ ಆ ಬ್ರೂವರಿಗೆ ಹೋಗುತ್ತೇನೆ. ನಾಲ್ಕು ಲೋಟ ಕುಡಿದರೆ ಕಣ್ತುಂಬ ನಿದ್ದೆ.