ಯಂತ್ರಕ್ಕೆ ಅಳತೆಯಾದ ಉಸಿರು

ಬೀದಿದೀಪಗಳು ಇನ್ನೂ ಆರಿಲ್ಲ. ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ ಎರಡನೇ ಮಹಡಿಯ ಒಂದೇ ಒಂದು ಕೋಣೆಗೆ ಬೆಳಕು ಬಂದಿದೆ. ಒಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕಿಟಕಿ ತೆರೆದು, ಮೇಜು ಒರೆಸಿ, ಗೋಡೆಗೆ ಒತ್ತಿಕೊಂಡು ನಿಂತ, ಉಸಿರಳೆಯುವ ಯಂತ್ರದ ಗುಂಡಿ ಅದುಮುತ್ತಾರೆ. ಅದು ಕಣ್ಣು ಬಿಡುವಷ್ಟರಲ್ಲಿ ರೋಗಿಗಳ ಕುರ್ಚಿ ಅಲುಗಾಡುತ್ತದೆಯೇ ಎಂದು ಕೈಯಿಂದ ಒತ್ತಿ ನೋಡುತ್ತಾರೆ. ತೋಳುದ್ದದ ಸಿರಿಂಜಿನಿಂದ ಯಂತ್ರದೊಳಕ್ಕೆ ಗಾಳಿ ತಳ್ಳಿ ಅಳತೆ ನೋಡಿಕೊಳ್ಳುತ್ತಾರೆ. ಆಮೇಲೆ ಕನ್ನಡಕ ತೆಗೆದಿಟ್ಟು, ಮೂಗಿಗೆ ಕ್ಲಿಪ್ ಸಿಕ್ಕಿಸಿಕೊಂಡು, ಹೊಸದೊಂದು ರಟ್ಟಿನ ಕೊಳವೆ ಬಾಯಿಗಿಟ್ಟು, ಎದೆ ತುಂಬ ಉಸಿರೆಳೆದು ಊದುತ್ತಾರೆ. ಮುಖ ಕೆಂಪೇರುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ. ಪರದೆಯ ಮೇಲೊಂದು ಗೆರೆ ಕಡಿದಾಗಿ ಹತ್ತಿ, ನಿಧಾನವಾಗಿ ಇಳಿಯುತ್ತದೆ.

"ಪಾಸು," ಎನ್ನುತ್ತಾರೆ ಕ್ಲಿಪ್ ಕೀಳುತ್ತಾ, ನನ್ನ ಕಡೆ ತಿರುಗಿ. "ನಾನಲ್ಲ ಕಣ್ರೀ, ಮಿಷನ್ನು."

ಸಿರಿಂಜಿನ ಗಾಳಿಗೆ ಅಳತೆಯಿದೆ, ಆದರೆ ಅದು ಮನುಷ್ಯರ ಉಸಿರಲ್ಲ. ಬಿಸಿಯಿಲ್ಲ, ತೇವವಿಲ್ಲ, ದಮ್ಮೂ ಇಲ್ಲ. ಆದ್ದರಿಂದ ಆರೋಗ್ಯವಾಗಿರುವ ಒಬ್ಬರು ವಾರಕ್ಕೊಮ್ಮೆ ಯಂತ್ರಕ್ಕೆ ಊದಬೇಕು. ಅಂಕಿ ಎಂದಿನಂತೆ ಬಂದರೆ ಯಂತ್ರ ಸರಿಯಿದೆ ಎಂದರ್ಥ. ಹನ್ನೊಂದು ವರ್ಷಗಳಿಂದ ಆ ಒಬ್ಬರು ಇವರೇ. ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಊದಕ್ಕ ಎಂದು. ರೋಗಿಗಳೂ ಹಾಗೆಯೇ ಕೇಳಿಕೊಂಡು ಬರುತ್ತಾರೆ: "ಊದಕ್ಕನ ರೂಮು ಎಲ್ಲಿ?"

ಈ ಆಸ್ಪತ್ರೆಯಲ್ಲಿ ಈಗ ಒಟ್ಟಿಗೆ ಮೂರು ಸಂಶೋಧನೆಗಳು ನಡೆಯುತ್ತಿವೆ. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆಗೆ ಹೊಸ ಮಾತ್ರೆಯೊಂದನ್ನು ಪರೀಕ್ಷಿಸುವುದು ಒಂದು. ಹೃದಯ ಸೋತವರಿಗೆ ದಮ್ಮು ಯಾಕೆ ಕಟ್ಟುತ್ತದೆಂದು ಹುಡುಕುವುದು ಇನ್ನೊಂದು. ನರಗಳು ಸೊರಗಿ ಸ್ನಾಯುಗಳ ಶಕ್ತಿ ಕುಂದುವ ಕಾಯಿಲೆಯನ್ನು ಮೊದಲೇ ಪತ್ತೆ ಮಾಡಲಾದೀತೆ ಎಂದು ನೋಡುವುದು ಮೂರನೆಯದು. ಮೂರಕ್ಕೂ ದೊಡ್ಡ ಓದಿನವರು, ದೊಡ್ಡ ಯಂತ್ರಗಳು ಬೇರೆ ಬೇರೆ. ಆದರೆ ಮೂರೂ ಕಡೆಯ ರೋಗಿಗಳು ಬಂದು ಊದುವುದು ಈ ಒಂದೇ ಕೋಣೆಯಲ್ಲಿ. ದಿನಕ್ಕೆ ಹದಿನೈದು, ಕೆಲವೊಮ್ಮೆ ಇಪ್ಪತ್ತು ಮಂದಿ.

ಊದುವುದೆಂದರೆ ಸುಮ್ಮನೆ ಊದುವುದಲ್ಲ. ಇದ್ದಬದ್ದ ಉಸಿರನ್ನೆಲ್ಲ ಒಂದೇಟಿಗೆ ಹೊರಹಾಕಿ, ಇನ್ನಿಲ್ಲ ಅನ್ನಿಸಿದ ಮೇಲೂ ಬಿಡದೆ ಊದಬೇಕು. ರೋಗಿ ಅರೆಮನಸ್ಸಿನಿಂದ ಊದಿದರೆ ಅಂಕಿ ಸುಳ್ಳು ಹೇಳುತ್ತದೆ. ಅದಕ್ಕೇ ಇಲ್ಲಿ ಯಂತ್ರಕ್ಕಿಂತ ಊದಕ್ಕನ ಗಂಟಲು ದೊಡ್ಡದು.

"ಎಳ್ಕೊಳ್ಳಿ, ಎಳ್ಕೊಳ್ಳಿ, ಇನ್ನೂ... ಹೂಂ, ಊದಿ! ಊದಿ ಊದಿ ಊದಿ, ಬಿಡ್ಬೇಡಿ, ಇದೆ ಒಳಗೆ ಇನ್ನೂ ಇದೆ, ಜಿಪುಣತನ ಮಾಡ್ಬೇಡಿ, ಊದಿ!"

ಹೃದಯದ ಕಡೆಯಿಂದ ಬಂದ ಯಜಮಾನರೊಬ್ಬರು ಕೊಳವೆ ಕೆಳಗಿಟ್ಟು ಏದುಸಿರು ಬಿಡುತ್ತಾ ಹೇಳುತ್ತಾರೆ: "ನಲವತ್ತು ವರ್ಷದಲ್ಲಿ ನನ್ನ ಹೆಂಡ್ತಿ ಕೂಡ ನನ್ನನ್ನ ಹೀಗೆ ಗದರಿಸಿಲ್ಲಮ್ಮ."

"ಕರ್ಕೊಂಡು ಬನ್ನಿ ಅವರನ್ನ. ಕಲಿಸಿಕೊಡ್ತೀನಿ."

ಈ ಗಂಟಲಿಗೊಂದು ಪೂರ್ವಕತೆಯಿದೆ. ಮದುವೆಗೆ ಮುಂಚೆ ಅವರಿಗೆ ಬಸ್ ನಿಲ್ದಾಣದಲ್ಲಿ ಕೆಲಸ. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಹೇಳುವುದು. ಆ ದನಿ ಕೇಳಿ ಕೇಳಿಯೇ ಒಬ್ಬ ಚಾಲಕ, ತನ್ನ ಬಸ್ಸು ಹೊರಡುವ ಹೊತ್ತಾದರೂ ಹೊರಡದೆ, ಇನ್ನೊಮ್ಮೆ ಕೂಗಲಿ ಎಂದು ಕಾಯುತ್ತಿದ್ದನಂತೆ. ಈಗ ಆತ ಇವರ ಗಂಡ. ಇಬ್ಬರು ಮಕ್ಕಳಾದರು. ಎರಡನೆಯದು ದೊಡ್ಡ ತಲೆಯ ಮಗು, ಹೆರಿಗೆ ಬಹಳ ಕಷ್ಟವಾಯಿತು. ಅದು ಶಾಲೆ ಸೇರಿದ ಮೇಲೆ ಸಂಜೆಯ ತರಗತಿಗೆ ಹೋಗಿ ತಂತ್ರಜ್ಞರ ಪರೀಕ್ಷೆ ಕಟ್ಟಿದರು. "ಓದ್ತಾ ಓದ್ತಾ ಸಾರು ಸೀದುಹೋಗಿದೆ, ಅಳ್ತಾ ಅಳ್ತಾ ಪಾಸೂ ಆಗಿದೀನಿ," ಎನ್ನುತ್ತಾರೆ.

ನಾನು ಈ ಕೋಣೆಗೆ ಬಂದದ್ದು ಕಳೆದ ವರ್ಷ ಇಲ್ಲಿ ನಡೆದ ಒಂದು ಸಂಗತಿಯನ್ನು ಕೇಳಿ. ಅದನ್ನು ಬರೆಯಬಹುದೇ ಎಂದು ಕೇಳುವಾಗ ನನಗೇ ಸಂಕೋಚವಿತ್ತು. ಅವರಿಗಿರಲಿಲ್ಲ. "ಬರೀರಿ. ಬರೀದೆ ಬರೀದೆ ತಾನೇ ಇಷ್ಟು ದಿನ ಹೀಗಾಗಿದ್ದು," ಎಂದರು.

ಕಳೆದ ವರ್ಷ ಅವರ ಸ್ವಂತ ಅಂಕಿ ಇಳಿಯತೊಡಗಿತು. ಮೊದಲ ವಾರ ಸ್ವಲ್ಪ, ಆಮೇಲೆ ಇನ್ನೂ ಸ್ವಲ್ಪ. ಅವರು ಯಂತ್ರ ಕೆಟ್ಟಿದೆ ಎಂದು ದೂರು ಕೊಟ್ಟರು. ರಿಪೇರಿಯವನು ಬಂದು ಬಿಚ್ಚಿ, ಫಿಲ್ಟರ್ ಬದಲಾಯಿಸಿ, ಸಿರಿಂಜಿನಿಂದ ಅಳೆದು ಸರಿಯಿದೆ ಎಂದ. ಮುಂದಿನ ವಾರವೂ ಕಡಿಮೆಯೇ ಬಂತು. ಅವನನ್ನು ಮತ್ತೆ ಕರೆಸಿದರು.

"ಅಕ್ಕ, ಮಿಷನ್ನು ಚಿನ್ನದ ಹಾಗಿದೆ," ಎಂದನಂತೆ ಅವನು ಸ್ಕ್ರೂಡ್ರೈವರ್ ಚೀಲಕ್ಕೆ ಹಾಕುತ್ತಾ. "ಇನ್ನು ಬಿಚ್ಚಿ ನೋಡೋದು ಅಂದ್ರೆ ನಿಮ್ಮನ್ನೇ."

ಶ್ವಾಸಕೋಶದ ಸಂಶೋಧನೆಯ ಮುಖ್ಯಸ್ಥೆ, ಇಲ್ಲಿಯವರ ಬಾಯಲ್ಲಿ ದೊಡ್ಡ ಡಾಕ್ಟರಮ್ಮ, ಗಾಬರಿಯಿಂದ ಊದಕ್ಕನ ಎದೆಯ ಚಿತ್ರ ತೆಗೆಸಿದರು. ಶ್ವಾಸಕೋಶ ಸ್ವಚ್ಛವಾಗಿತ್ತು. ಡಾಕ್ಟರಮ್ಮ ಸಮಾಧಾನಗೊಂಡು, ವಯಸ್ಸು ಇರಬಹುದು ಬಿಡಿ ಎಂದರು. ಊದಕ್ಕ ತಲೆಯಾಡಿಸಿದರು. ವಯಸ್ಸಲ್ಲ ಎಂಬುದು ಅವರೊಬ್ಬರಿಗೇ ಗೊತ್ತಿತ್ತು.

ಎರಡನೇ ಹೆರಿಗೆಯ ನಂತರ ಜೋರಾಗಿ ಕೆಮ್ಮಿದರೆ ಅವರಿಗೆ ಮೂತ್ರ ಜಿನುಗುತ್ತಿತ್ತು. ಆಗ ಅಪರೂಪಕ್ಕೊಮ್ಮೆ. ಮುಟ್ಟು ನಿಂತ ಮೇಲೆ ಅದು ಹೆಚ್ಚಾಯಿತು. ಸೀನಿದರೆ, ಬಕೆಟ್ ಎತ್ತಿದರೆ, ನಕ್ಕರೆ. ಈ ತೊಂದರೆಯಿರುವ ಪ್ರತಿ ಹೆಂಗಸೂ ಮಾಡಿಕೊಳ್ಳುವ ಏರ್ಪಾಡುಗಳನ್ನು ಅವರೂ ಮಾಡಿಕೊಂಡರು. ಕಡುಬಣ್ಣದ ಬಟ್ಟೆ ಮಾತ್ರ ಹಾಕುವುದು, ಚಹಾ ಬಿಡುವುದು, ಹೋದಲ್ಲೆಲ್ಲ ಮೊದಲು ಬಚ್ಚಲಮನೆ ಎಲ್ಲಿದೆ ಎಂದು ನೋಡಿಟ್ಟುಕೊಳ್ಳುವುದು. ಗಂಡ ಊಟಕ್ಕೆ ಕೂತು, ಬಸ್ಸಿನಲ್ಲಿ ಹಲ್ಲಿನ ಸೆಟ್ಟು ಮರೆತುಹೋದವರ ಕತೆ ಹೇಳಲು ಶುರು ಮಾಡಿದರೆ ಇವರು ಎದ್ದು ಅಡುಗೆಮನೆಗೆ ನಡೆಯುತ್ತಿದ್ದರು. ಹೆಂಡತಿಗೆ ತನ್ನ ಮೇಲೆ ಏನೋ ಮುನಿಸು ಎಂದುಕೊಂಡು ಆತ ಕ್ರಮೇಣ ಕತೆ ಹೇಳುವುದನ್ನೇ ನಿಲ್ಲಿಸಿದ್ದರು.

ಯಂತ್ರದ ಮುಂದೆಯೂ ಅದೇ ಭಯ. "ಜಿಪುಣತನ ಮಾಡ್ಬೇಡಿ ಅಂತ ಊರಿಗೆಲ್ಲ ಹೇಳೋಳು ನಾನು. ನನ್ನ ಸರದಿ ಬಂದಾಗ ಮಾತ್ರ ಮುಕ್ಕಾಲು ಊದಿ ನಿಲ್ಲಿಸ್ತಿದ್ದೆ. ಬೇಕು ಅಂತ ಅಲ್ಲ. ಮೈಯೇ ತಡೀತಿತ್ತು. ತಡೀತಿದೆ ಅಂತ ಒಪ್ಕೊಳ್ಳೋದಕ್ಕಿಂತ ಮಿಷನ್ ಕೆಟ್ಟಿದೆ ಅನ್ನೋದು ಸುಲಭ ನೋಡಿ."

ಇಷ್ಟೇ ಆಗಿದ್ದರೆ ಅದು ಅವರೊಳಗೇ ಉಳಿದುಬಿಡುತ್ತಿತ್ತು. ಆದರೆ ಆ ದಿನಗಳಲ್ಲೇ ಹೊಲಿಗೆಯಮ್ಮ ಬಂದರು.

ಹೊಲಿಗೆಯಮ್ಮ ಬಟ್ಟೆ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಕಳೆದವರು. ಗಟ್ಟಿಯಾಗುತ್ತಿದ್ದ ಶ್ವಾಸಕೋಶಕ್ಕೆ ಹೊಸ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಒಬ್ಬರು. ಹಿಂದಿನ ಎರಡು ಸಲ ಅವರ ಅಂಕಿ ಇಳಿದಿತ್ತು. ಮೂರನೇ ಸಲವೂ ಇಳಿದರೆ ಮಾತ್ರೆ ಅವರಿಗೆ ನಾಟುತ್ತಿಲ್ಲವೆಂದು ತೀರ್ಮಾನಿಸಿ ನಿಲ್ಲಿಸಬೇಕು, ನಿಯಮವೇ ಹಾಗೆ. ಆ ದಿನ ಇನ್ನೂ ಕೆಳಕ್ಕೆ ಬಂತು.

"ಅದು ಹೇಗಾಗತ್ತೆ?" ಎಂದು ಹೊಲಿಗೆಯಮ್ಮ ಪರದೆಯನ್ನೇ ದಿಟ್ಟಿಸಿದರಂತೆ. "ಮೊದಲು ಮನೆ ಮೆಟ್ಟಿಲ ಅರ್ಧಕ್ಕೆ ಕೂತ್ಕೊಳ್ತಿದ್ದೆ. ಈಗ ಒಂದೇ ಸಲಕ್ಕೆ ಹತ್ತಿ ಸೊಸೆ ಜೊತೆ ಜಗಳಾನೂ ಆಡ್ತೀನಿ. ಮಾತ್ರೆ ನಿಲ್ಲಿಸ್ಬೇಡಿ ಅಕ್ಕ, ಹೇಳಿ ಅವರಿಗೆ."

ಊದಕ್ಕ ಪರದೆ ನೋಡುತ್ತಿರಲಿಲ್ಲ. ಹೊಲಿಗೆಯಮ್ಮನ ಕಾಲು ನೋಡುತ್ತಿದ್ದರು. ಮಂಡಿಗೆ ಮಂಡಿ ಬಿಗಿದು, ಒಂದು ಪಾದವನ್ನು ಇನ್ನೊಂದರ ಹಿಂದೆ ಹೆಣೆದು ಕೂತಿದ್ದರು ಆಕೆ. "ಹಾಗೆ ಯಾಕೆ ಕೂತಿದಾರೆ ಅಂತ ನನಗೆ ಯಾರೂ ಹೇಳ್ಬೇಕಾಗಿರ್ಲಿಲ್ಲ. ನಾನೂ ಹಾಗೇ ಕೂತ್ಕೊಳ್ತಿದ್ದೆ."

ಅಂದು ಅವರು ಬಾಯಿ ಬಿಡಲಿಲ್ಲ. ಆಗಲೇ ಬಾಗಿಲಲ್ಲಿ ಮುಂದಿನ ರೋಗಿ, ಕೋಣೆಯಲ್ಲಿ ತರಬೇತಿಗೆ ಬಂದ ಇಬ್ಬರು ಯುವ ವೈದ್ಯರು. ಮತ್ತೊಮ್ಮೆ ಊದಿಸಬೇಕೆಂದರೆ ಡಾಕ್ಟರಮ್ಮನ ಅನುಮತಿ ಬೇಕು. ಅನುಮತಿಗೆ ಕಾರಣ ಬೇಕು. ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ ಉತ್ತರವೂ ಬೇಕು. ಉತ್ತರ ಕೊಟ್ಟರೆ, ಇಷ್ಟು ತಿಂಗಳು ಯಂತ್ರಕ್ಕೆ ಅಳತೆಯಾಗಿ ನಿಂತವಳು ತಾನೇ ಸರಿಯಾಗಿ ಊದಿಲ್ಲ ಎಂದೂ ಹೇಳಿದಂತಾಗುತ್ತದೆ. ಕೆಲಸದ ಮಾತು ಒಂದು ಕಡೆ, ಮಾನದ ಮಾತು ಇನ್ನೊಂದು ಕಡೆ. ಈ ಎರಡರ ಎದುರಿಗೆ ಹೊಲಿಗೆಯಮ್ಮ ಒಂದೇ ಸಲಕ್ಕೆ ಹತ್ತುವ ಮೆಟ್ಟಿಲು.

ಮರುದಿನ ಡಾಕ್ಟರಮ್ಮನ ಮುಂದೆ ನಿಂತು ಎಲ್ಲ ಹೇಳಿಬಿಟ್ಟರು. "ಮೈಕಿನಲ್ಲಿ ಬಸ್ಸಿನ ಹೊತ್ತು ಹೇಳ್ತಿದ್ನಲ್ಲ, ಹಾಗೆ. ಎಲ್ಲೂ ನಿಲ್ಲಿಸದೆ."

ಡಾಕ್ಟರಮ್ಮ ಎದ್ದು ಹೋಗಿ ಬಾಗಿಲು ಹಾಕಿದರು. ಬೈಯುವುದಕ್ಕೇ ಇರಬೇಕು ಎಂದುಕೊಂಡರು ಊದಕ್ಕ. ಆದರೆ ಡಾಕ್ಟರಮ್ಮ ಬಂದು ಕೂತು, ದನಿ ತಗ್ಗಿಸಿ ಕೇಳಿದ್ದು ಬೇರೆಯೇ: "ಸೀನು ಬಂದಾಗ ನೀವು ಏನ್ ಮಾಡ್ತೀರಿ? ನಾನಂತೂ ಗೋಡೆ ಹಿಡ್ಕೊಂಡು ನಿಂತುಬಿಡ್ತೀನಿ. ಹುಡುಗ್ರು ನಾನು ಏನೋ ಆಳವಾಗಿ ಯೋಚನೆ ಮಾಡ್ತಿದೀನಿ ಅಂದ್ಕೊಳ್ತಾರೆ."

ಊದಕ್ಕನಿಗೆ ನಗು ಬಂತು. ಡಾಕ್ಟರಮ್ಮನಿಗೂ. "ಅಯ್ಯೋ ನಗಿಸ್ಬೇಡಿ, ನಗಿಸ್ಬೇಡಿ," ಎನ್ನುತ್ತಾ ಇಬ್ಬರೂ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ಕಾಲು ಹೆಣೆದುಕೊಂಡು ಕಣ್ಣೊರೆಸಿಕೊಂಡರಂತೆ. ಈ ಭಾಗವನ್ನು ಇಬ್ಬರಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಎರಡೂ ಕತೆ ಒಂದೇ ಆಗಿವೆ, ಮೊದಲು ಎದ್ದು ಓಡಿದವರು ಯಾರು ಎಂಬುದೊಂದನ್ನು ಬಿಟ್ಟು.

ಹೊಲಿಗೆಯಮ್ಮನನ್ನು ಮರಳಿ ಕರೆಸಿದರು. ಕೋಣೆಯಿಂದ ಗಂಡಸರನ್ನು ಹೊರಗೆ ಕಳಿಸಿ, ಬಟ್ಟೆಯ ಪರದೆ ಎಳೆದು, ಊದಕ್ಕ ಆಕೆಯ ಪಕ್ಕದಲ್ಲಿ ಕೂತು ತನಗಿರುವ ತೊಂದರೆಯನ್ನೇ ಮೊದಲು ಹೇಳಿದರು. "ಕೆಮ್ಮಿ ಕೆಮ್ಮಿ ಈಚೀಚೆಗೆ ಶುರುವಾಗಿದ್ದು ಕಣಕ್ಕ," ಎಂದರು ಹೊಲಿಗೆಯಮ್ಮ. "ಯಾರಿಗೆ ಹೇಳ್ಲಿ? ಮಗನಿಗೆ ಹೇಳ್ಲಾ?" ಆಕೆಯನ್ನು ಮೊದಲು ಬಚ್ಚಲಮನೆಗೆ ಕಳಿಸಿದರು, ಒಂದು ದಪ್ಪ ಪ್ಯಾಡ್ ಕೊಟ್ಟರು. ಎರಡೂ ಪಾದ ನೆಲಕ್ಕೂರಿ ಕೂರಿಸಿದರು. "ಆದ್ರೆ ಆಗ್ಲಿ. ಒರೆಸೋಳು ನಾನು. ಊದಿ!"

ಹೊಲಿಗೆಯಮ್ಮ ಊದಿದರು. ಗೆರೆ ಹತ್ತಿತು, ಹತ್ತುತ್ತಲೇ ಹೋಯಿತು. ಮಾತ್ರೆ ಶುರುಮಾಡಿದ ದಿನ ಎಷ್ಟು ಬಂದಿತ್ತೋ ಹೆಚ್ಚುಕಡಿಮೆ ಅಷ್ಟೇ ಬಂತು. ಗಟ್ಟಿಯಾದ ಶ್ವಾಸಕೋಶ ಮೆತ್ತಗಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗದಂತೆ ತಡೆದರೆ ಅದೇ ಗೆಲುವು. ಮಾತ್ರೆ ನಿಲ್ಲಲಿಲ್ಲ. ಈಗಲೂ ತೆಗೆದುಕೊಳ್ಳುತ್ತಿದ್ದಾರೆ, ಸೊಸೆಯೊಂದಿಗೆ ಜಗಳವೂ ಸಾಂಗವಾಗಿ ನಡೆದಿದೆ ಎಂದು ವರದಿ.

ಆಮೇಲೆ ಮೂರೂ ಸಂಶೋಧನೆಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಹೂಂ ಎಂದವರು ಕಡಿಮೆಯೇನಿರಲಿಲ್ಲ. ಅವರೆಲ್ಲರೂ ಮತ್ತೊಮ್ಮೆ ಊದಬೇಕಾಯಿತು. ಊದಕ್ಕನ ಗಂಟಲು ಒಂದು ವಾರ ಕೂತುಹೋಗಿತ್ತು. ಈಗ ಯಾವ ಹೆಂಗಸು ಬಂದರೂ ಕೊಳವೆ ಕೊಡುವ ಮುಂಚೆ ಪರದೆಯ ಹಿಂದೆ ಮೆಲ್ಲಗೆ ಒಂದು ಪ್ರಶ್ನೆ ಕೇಳುವುದು ಇಲ್ಲಿಯ ಪದ್ಧತಿಯಾಗಿದೆ.

ಊದಕ್ಕನಿಗೆ ಚಿಕಿತ್ಸೆಯೂ ಆಯಿತು. ಒಳಗಿನ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಸಣ್ಣ ವ್ಯಾಯಾಮವೊಂದನ್ನು ಡಾಕ್ಟರಮ್ಮನೂ ಅವರೂ ಒಟ್ಟಿಗೆ ಕಲಿತರು. ಬಸ್ಸಿನಲ್ಲಿ ಕೂತು, ಸಾರು ಕುದಿಯುವಾಗ ನಿಂತು ಮಾಡುತ್ತಾರೆ. ಅಂಕಿ ಹಳೆಯ ಮಟ್ಟಕ್ಕೆ ಬಂದಿದೆ. ಗಂಡನಿಗೂ ಹೇಳಿದರು.

"ಅಷ್ಟೇನಾ?" ಎಂದರಂತೆ ಆತ. "ನನ್ನ ಜೋಕುಗಳೇ ಹಳಸಿಹೋದ್ವು ಅಂದ್ಕೊಂಡಿದ್ದೆ."

"ಅದೂ ನಿಜಾನೇ ರೀ," ಎಂದರಂತೆ ಇವರು.

ಮೂರೂ ಸಂಶೋಧನೆಗಳಿಗೆ ಸೇರಿ ಹೊಸ ಕಟ್ಟಡ ಬರುತ್ತಿದೆ. ನಕ್ಷೆ ಹಿಡಿದು ಬಂದ ಎಂಜಿನಿಯರು ಯಾರಿಗೆ ಏನು ಬೇಕೆಂದು ಕೇಳಿಕೊಂಡು ಹೋಗಿದ್ದಾರೆ. ಒಬ್ಬರು ದೊಡ್ಡ ಕಂಪ್ಯೂಟರ್ ಪರದೆ ಕೇಳಿದ್ದಾರೆ, ಒಬ್ಬರು ಕಾರು ನಿಲ್ಲಿಸಲು ನೆರಳು. ನೀವೇನು ಕೇಳಿದಿರಿ ಎಂದೆ.

"ಊದೋ ರೂಮಿನ ಪಕ್ಕದ ಗೋಡೇಲೇ ಒಂದು ಬಚ್ಚಲಮನೆ ಕೇಳಿದೀನಿ. ಒಳಗಿಂದ ಗಟ್ಟಿಯಾದ ಚಿಲಕ, ಕೈಚೀಲ ನೇತುಹಾಕೋಕೆ ಒಂದು ಮೊಳೆ. ಅವರು ನಕ್ಕರು, ಇಷ್ಟೇನಾ ಅಂತ." ಮೇಜಿನ ಮೇಲಿನ ಕೊಳವೆಗಳನ್ನು ಅವರು ಎಣಿಸಿಟ್ಟರು. "ಇಷ್ಟೇ ಸಾಕು ಕಣ್ರೀ. ಹೆಂಗಸರು ನಿಜವಾಗ್ಲೂ ಎಷ್ಟು ಊದ್ತಾರೆ ಅಂತ ಆಮೇಲೆ ನೋಡ್ಲಿ."