ಕಾಕಾ ಮಾಡಿದ ಒಂಬತ್ತು ರುಜು

ಹೋದ ತಿಂಗಳು ಒಂದು ವಿಶ್ವವಿದ್ಯಾಲಯದವರು ನನ್ನನ್ನು ಸಭೆಗೆ ಕರೆದಿದ್ದರು. ಮುಂದಿನ ಹತ್ತು ವರ್ಷಗಳ ಯೋಜನೆಯಂತೆ, ಅದರಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆಂದೇ ಒಂದು ಅಧ್ಯಾಯವಂತೆ, ನಿವೃತ್ತ ಮಾಸ್ತರನಾದ ನಾನು ಅದಕ್ಕೊಬ್ಬ ತಜ್ಞನಂತೆ. ಊಟಕ್ಕೆ ಮುಂಚೆ ಗುಮಾಸ್ತೆಯೊಬ್ಬಳು ಮುದ್ರೆ ಒತ್ತಲು ಮಸಿಯ ಡಬ್ಬಿ ತೆರೆದಳು. ನೇರಳೆ ಮಸಿಯ ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಾಕಾ ನೆನಪಾದ. ಆಮೇಲೆ ಸಭೆಯಲ್ಲಿ ಯಾರು ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ...

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರಿನಲ್ಲಿ ಬಿ.ಎ. ಓದುತ್ತಿದ್ದಾಗ ಕಾಕಾ ನಮ್ಮ ಕಾಲೇಜಿನ ಜವಾನ, ಆಫೀಸಿನ ಕಾಗದಗಳಿಗೆ ನೇರಳೆ ಮುದ್ರೆ ಒತ್ತುವುದೂ ಅವನದೇ ಕೆಲಸ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವನು. ನಿಜಾಮರ ಕಾಲದ ಶಾಲೆಯಲ್ಲಿ ನಾಲ್ಕು ಕ್ಲಾಸು ಉರ್ದು ಕಲಿತಿದ್ದ. ಹೀಗಾಗಿ ಹಣೆ ತುಂಬ ವಿಭೂತಿ ಹಚ್ಚಿಕೊಂಡ ಈ ಮನುಷ್ಯ ಬಲದಿಂದ ಎಡಕ್ಕೆ ರುಜು ಮಾಡುತ್ತಿದ್ದ. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಿದ್ದ. ಇಂಗ್ಲಿಷ್ ಬರುತ್ತಿರಲಿಲ್ಲ.

ಕಾಲೇಜಿನಲ್ಲಿ ಒಂದು ನಿಯಮವಿತ್ತು. ಹಾಜರಿ ಕಡಿಮೆಯಾದರೆ ಪಾಲಕರು ಬಂದು ಆಫೀಸಿನಲ್ಲಿ ರುಜು ಮಾಡಬೇಕು, ಇಲ್ಲದಿದ್ದರೆ ಕ್ಲಾಸಿನೊಳಗೆ ಬಿಡುವುದಿಲ್ಲ. ಪೇಟೆಯ ಹುಡುಗರ ಅಪ್ಪಂದಿರು ಸೈಕಲ್ ಏರಿ ಬಂದು ರುಜು ಹಾಕಿ ಹೋಗುತ್ತಿದ್ದರು. ನಮ್ಮ ಅಪ್ಪಂದಿರು? ನನ್ನಪ್ಪ ದೇವದುರ್ಗದಲ್ಲಿ ಕಲ್ಲು ಒಡೆಯುತ್ತಿದ್ದ, ಒಂದು ದಿನ ಬಿಟ್ಟರೆ ಮುಕಾದಮ ಬೇರೆಯವನನ್ನು ಕೂಲಿಗೆ ಹಚ್ಚುತ್ತಿದ್ದ. ಅದೇ ಕಡೆಯವನಾದ ನನ್ನ ರೂಮಿನ ಜೊತೆಗಾರನ ಅಪ್ಪ ಕುರಿ ಹೊಡೆದುಕೊಂಡು ಹೊರಟರೆ, ಆರು ತಿಂಗಳು ಯಾವ ಸೀಮೆಯಲ್ಲಿದ್ದಾನೆಂದು ಮನೆಯವರಿಗೂ ಗೊತ್ತಾಗುತ್ತಿರಲಿಲ್ಲ. ಇಂಥ ಅಪ್ಪಂದಿರೂ ಲೋಕದಲ್ಲಿ ಇರುತ್ತಾರೆಂಬುದು ನಿಯಮ ಬರೆದ ಮಹಾನುಭಾವರಿಗೆ ತಿಳಿದೇ ಇರಲಿಲ್ಲ. ಹಾಸ್ಟೆಲ್ಲಿನ ನಮಗೆಲ್ಲ ಕಾಕಾನೇ ಪಾಲಕನಾದ. ಆಫೀಸಿನವರಿಗೂ ಅದು ಗೊತ್ತಿತ್ತು. ಕಾಗದ ತುಂಬಿದರೆ ಸಾಕಿತ್ತು ಅವರಿಗೆ.

ಆದರೆ ಕಾಕಾ ಸುಮ್ಮನೆ ರುಜು ಮಾಡುವವನಲ್ಲ. ತನ್ನೆದುರಿನ ಸ್ಟೂಲಿನ ಮೇಲೆ ಹುಡುಗನನ್ನು ಕೂಡಿಸಿ ಕೇಳುತ್ತಿದ್ದ.

"ಮದಲು ಹೇಳು ಯಪ್ಪಾ, ಯಾಕ ಕ್ಲಾಸಿಗಿ ಹೋಗಿಲ್ಲ? ಹೊಟ್ಟಿ ನೋಯಾಕತ್ತದೋ, ಎದಿ ನೋಯಾಕತ್ತದೋ?"

ಹೇಳುವವರೆಗೆ ಪೆನ್ನು ಮುಟ್ಟುತ್ತಿರಲಿಲ್ಲ. ಆ ಸ್ಟೂಲಿನ ಮೇಲೆ ಎಷ್ಟೋ ಹುಡುಗರು ಅತ್ತಿದ್ದನ್ನು ಕಂಡಿದ್ದೇನೆ. ನಾನೂ ಅತ್ತಿದ್ದೇನೆ. ಅಳು ಮುಗಿದ ಮೇಲೆ ಸ್ಟೇಷನ್ ರಸ್ತೆಗೆ ಕರೆದುಕೊಂಡು ಹೋಗಿ ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನಿಸುತ್ತಿದ್ದ. ಈಗ ಇದಕ್ಕೆ ಸಮಾಲೋಚನೆ ಎನ್ನುತ್ತಾರೆ, ಬೋರ್ಡು ಬರೆಸಿ ಕೋಣೆಗೆ ಬೀಗ ಹಾಕಿಡುತ್ತಾರೆ.

ಎರಡನೆಯ ವರ್ಷ ನನ್ನ ಜೊತೆಗಾರ ಮಾತು ಬಿಟ್ಟ. ಒಬ್ಬ ಉಪನ್ಯಾಸಕರು ದಿನಾ ಅವನನ್ನೇ ಎಬ್ಬಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು, ಅವನು ತಲೆ ತಗ್ಗಿಸುವುದು, ಕ್ಲಾಸು ಪೂರ್ತಿ ನಗುವುದು. ಇದು ತಿಂಗಳುಗಟ್ಟಲೆ ನಡೆಯಿತು. ಆಮೇಲೆ ಅವನು ಗೋಡೆ ಕಡೆ ಮುಖ ಮಾಡಿ ಮಲಗತೊಡಗಿದ. ಊಟ ಬಿಟ್ಟ. "ನಾಟಕ ಮಾಡಾಕತ್ತಾನ, ಎರಡು ಬಾರಿಸಿದ್ರ ಸರಿ ಹೋಗ್ತಾನ" ಎಂದು ವಾರ್ಡನ್ ಹೇಳಿದರು. ಅದು ಅವರ ವೈದ್ಯ!

ಕಾಕಾ ರೂಮಿಗೆ ಬಂದು ಅವನ ಪಕ್ಕ ಕುಳಿತ. "ನನ್ನ ರಟ್ಟಿ ಸೇದಾಕತ್ತದ ಯಪ್ಪಾ, ಪೀರಿಯಡ್ ಗಂಟಿ ನೀನೇ ಹೊಡಿ" ಎಂದ. ರಟ್ಟೆಗೆ ಏನೂ ಆಗಿರಲಿಲ್ಲ. ಜೊತೆಗಾರ ಎರಡು ದಿನ ಬಿಟ್ಟು ಎದ್ದು ಹೋದ. ಮುಕ್ಕಾಲು ಗಂಟೆಗೊಮ್ಮೆ ಗಂಟೆ ಹೊಡೆಯಬೇಕಾದವನು ಗೋಡೆ ನೋಡುತ್ತ ಮಲಗಿರಲು ಆಗುವುದಿಲ್ಲವಲ್ಲ. ವಾರ ಕಳೆದ ಮೇಲೆ ಕಾಕಾ, "ಗಂಟಿ ಹೊಡದವನೇ ಕ್ಲಾಸಿಗಿ ಹೋಗದಿದ್ರ ಹೆಂಗಲೇ?" ಎಂದು ನಗಾಡಿದ. ಸಂಕ್ರಾಂತಿಯ ಹೊತ್ತಿಗೆ ಜೊತೆಗಾರ ಮೂರು ರೊಟ್ಟಿ ತಿನ್ನುತ್ತಿದ್ದ. "ಈ ಸಲ ಪಾಸಾಗ್ತೀನಿ ನೋಡು" ಎಂದು ನನಗೆ ಹೇಳಿದ ದಿನ ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಅದೇ ವರ್ಷ ನಮ್ಮ ಪ್ರಾಂಶುಪಾಲರಿಗೆ ಯೋಜನೆಯ ಹುಚ್ಚು ಹಿಡಿಯಿತು. ಕಾಲೇಜಿಗೆ ಕಾಯಂ ಮಾನ್ಯತೆ ಕೊಡಲು ವಿಶ್ವವಿದ್ಯಾಲಯದ ಕಮಿಟಿ ಬರುವುದಿತ್ತು. ಗೋಡೆಗೆ ದೊಡ್ಡ ನಕ್ಷೆ ಏರಿತು, ಅದರಲ್ಲಿ ಫಲಿತಾಂಶದ ಕೆಂಪು ಗೆರೆ ಮೇಲಕ್ಕೆ ಹೋಗುತ್ತಿತ್ತು. ಫಲಿತಾಂಶ ಏರಬೇಕಾದರೆ ಪಾಠ ಮಾಡಬೇಕೆಂದು ಒಬ್ಬನಿಗೂ ಹೊಳೆಯಲಿಲ್ಲ. ಪಾಸಾಗುವುದು ಅನುಮಾನ ಎನಿಸಿದವರನ್ನು ಪರೀಕ್ಷೆಗೇ ಕೂಡಿಸದಿದ್ದರೆ ಆಯಿತಲ್ಲ! ಕಾಲೇಜು ತಾನಾಗಿ ಹೆಸರು ತೆಗೆಯುವಂತಿರಲಿಲ್ಲ. ಪಾಲಕರೇ 'ನಮ್ಮ ಹುಡುಗನನ್ನು ಬಿಡಿಸುತ್ತೇವೆ' ಎಂದು ಬರೆದುಕೊಟ್ಟರೆ ತೆಗೆಯಬಹುದಿತ್ತು. ಪಟ್ಟಿ ಮಾಡಿದರು. ಒಂಬತ್ತು ಹುಡುಗರು, ಒಂಬತ್ತೂ ಜನ ಹಾಸ್ಟೆಲ್ಲಿನವರು, ಎಲ್ಲರಿಗೂ ಕಾಕಾನೇ ಪಾಲಕ.

ಹೆಡ್ ಕ್ಲರ್ಕ್ ಒಂಬತ್ತು ಕಾಗದಗಳನ್ನು ಕಾಕಾನ ಕೈಗಿಟ್ಟು, "ಹಾಜರಿ ಕಾಗದ ಅವ, ಜಲ್ದಿ ರುಜು ಹಾಕು" ಎಂದನಂತೆ. ಹುಡುಗರು ಎದುರಿಗಿಲ್ಲದೆ ರುಜು ಮಾಡಿ ಗೊತ್ತಿಲ್ಲದ ಕಾಕಾನಿಗೆ ಮನಸ್ಸು ಒಪ್ಪಲಿಲ್ಲ. ಕಾಗದ ಹಿಡಿದುಕೊಂಡು ವರಾಂಡಕ್ಕೆ ಬಂದ. ಅಲ್ಲಿ ನಾನಿದ್ದೆ.

"ಏನು ಬರದಾರ, ಓದಿ ಹೇಳಪ್ಪ."

ಪೂರಾ ಇಂಗ್ಲಿಷು. 'ಗಾರ್ಡಿಯನ್' ತಿಳಿಯಿತು, 'ಅಟೆಂಡೆನ್ಸ್' ತಿಳಿಯಿತು. ನಡುವಿನ ಎರಡು ಸಾಲು ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಹೇಳಬಹುದಿತ್ತು. ಆದರೆ ಕಾಕಾ ಕಂಡಕಂಡವರ ಮುಂದೆ "ನಮ್ಮ ಹುಡುಗ ಇಂಗ್ಲಿಷ್ ಪೇಪರ್ ಓದ್ತಾನ" ಎಂದು ನನ್ನನ್ನು ತೋರಿಸುತ್ತಿದ್ದ. ನನಗೆ ನಾಚಿಕೆಯಾಯಿತು. "ಹಾಜರಿದೇ ಕಾಕಾ" ಎಂದುಬಿಟ್ಟೆ. ವರಾಂಡದ ಕಟ್ಟೆಯ ಮೇಲೆ ಇಟ್ಟುಕೊಂಡು ಕಾಕಾ ಒಂಬತ್ತಕ್ಕೂ ರುಜು ಮಾಡಿದ.

ಹಾಲ್ ಟಿಕೆಟ್ ಕೊಡುವ ದಿನ ಒಂಬತ್ತು ಜನರ ಹೆಸರು ಕರೆಯಲಿಲ್ಲ. ಅವರಲ್ಲೊಬ್ಬನಾದ ನನ್ನ ಜೊತೆಗಾರ ಕೇಳಿದ್ದಕ್ಕೆ ಹೆಡ್ ಕ್ಲರ್ಕ್ ಕಾಗದ ತಿರುಗಿಸಿ ತೋರಿಸಿದ. "ನಿನ್ನ ಕಾಕಾನೇ ಬಿಡಿಸ್ಯಾನ, ನೋಡು." ಆ ಉರ್ದು ರುಜು ಇಡೀ ಕಾಲೇಜಿನಲ್ಲಿ ಒಬ್ಬನದೇ. ಜೊತೆಗಾರ ಅದನ್ನು ಬಹಳ ಹೊತ್ತು ನೋಡಿದ. ರೂಮಿಗೆ ಬಂದು ಟ್ರಂಕು ಎತ್ತಿಕೊಂಡು ದೇವದುರ್ಗದ ಬಸ್ಸು ಹತ್ತಿದ. ಕಾಕಾ ಆಗ ಪೋಸ್ಟಾಫೀಸಿಗೆ ಹೋಗಿದ್ದ...

ಸುದ್ದಿ ತಿಳಿದು ಕಾಕಾ ನೇರ ಪ್ರಾಂಶುಪಾಲರ ಕೋಣೆಗೆ ನುಗ್ಗಿದ. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಕುರ್ಚಿಯಿಂದ ಏಳಲೂ ಇಲ್ಲ.

"ನೀ ಏನು ಅವರಪ್ಪೇನು? ಅಪ್ಪ ಅಲ್ಲದವ ರುಜು ಮಾಡಿದ್ದಕ್ಕ ಪೊಲೀಸರಿಗಿ ಕೊಡಬೇಕಾಗ್ತದ. ಯಾರ ಕಡೀಂದಾದ್ರೂ ಓದಿಸಿಕೊಂಡಿದ್ದಿ ಇಲ್ಲ?"

ಕಾಕಾ ನನ್ನ ಕಡೆ ತಿರುಗಿ ನೋಡಲಿಲ್ಲ.

"ಯಾರ ಕಡೀಂದನೂ ಓದಿಸಿಲ್ರಿ. ಕಣ್ಣು ಮುಚ್ಚಿ ಮಾಡೀನಿ."

ಒಂದೇ ಮಾತು ಸಾಕಿತ್ತು ನನ್ನಿಂದ. ಆಡಲಿಲ್ಲ. ನನ್ನ ಹಾಲ್ ಟಿಕೆಟ್ ನನ್ನ ಜೇಬಿನಲ್ಲಿತ್ತು.

ಕಮಿಟಿ ಬಂತು, ಹಾರ ಹಾಕಿಸಿಕೊಂಡಿತು, ಕೆಂಪು ಗೆರೆ ನೋಡಿ ತಲೆದೂಗಿತು. ಆ ವರ್ಷ ಫಲಿತಾಂಶ ಏರಿತು. ಏರದೆ ಏನು ಮಾಡೀತು? ಇವತ್ತಿಗೂ ಯಾವುದಾದರೂ ಗೋಡೆಯ ಮೇಲೆ ಅಂಥ ಗೆರೆ ಕಂಡರೆ ನನಗೆ ಕಿತ್ತು ಹರಿಯಬೇಕೆನಿಸುತ್ತದೆ.

ಕಾಕಾ ರಜೆ ಹಾಕಿ ದೇವದುರ್ಗದ ಕಡೆ ಕುರಿಹಟ್ಟಿ ಹುಡುಕಿಕೊಂಡು ಎರಡು ಸಲ ಹೋದ. ದೂರದಿಂದ ಇವನನ್ನು ಕಂಡದ್ದೇ ಜೊತೆಗಾರ ಮಂದೆಯ ಆಚೆ ಬದಿಗೆ ನಡೆದುಬಿಟ್ಟನಂತೆ. "ಮಾರಿ ತೋರಿಸಲಿಲ್ಲಪ್ಪ" ಎಂದಷ್ಟೇ ನನಗೆ ಹೇಳಿದ. ನಾನು ಓದಿದ್ದರ ಬಗ್ಗೆ ಅವತ್ತೂ ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ. ಆಮೇಲೆ ಯಾವ ಹುಡುಗನಿಗೂ ಅವನು ರುಜು ಮಾಡಿಕೊಡಲಿಲ್ಲ. ನಿವೃತ್ತನಾಗಿ ಚೀಕಲಪರ್ವಿಗೆ ಹೋದ, ಕೆಲವು ವರ್ಷಗಳಲ್ಲಿ ತೀರಿಕೊಂಡ. ಮಣ್ಣಿಗೆ ನಾನು ಹೋಗಿದ್ದೆ...

ಎಂಬತ್ತರ ದಶಕದಲ್ಲಿ, ಕಾಕಾ ಇನ್ನೂ ಬದುಕಿದ್ದಾಗಲೇ, ದೇವದುರ್ಗದ ಸಂತೆಯಲ್ಲಿ ಜೊತೆಗಾರ ಸಿಕ್ಕಿದ್ದ. ನಾನಾಗ ಉಪನ್ಯಾಸಕ, ಅವನ ಹೆಗಲ ಮೇಲೆ ಕಂಬಳಿ. ಚಹಾ ಕುಡಿದೆವು. ಮಳೆ, ಮಕ್ಕಳು ಎಲ್ಲ ಮಾತಾಡಿದ ಮೇಲೆ ಏಳುವಾಗ ಕೇಳಿದ.

"ಕಾಕಾ ಯಾಕ ಹಂಗ ಮಾಡಿದ? ನಾ ಪಾಸಾಗಂಗಿಲ್ಲಂತ ಅವನಿಗೂ ಅನಿಸಿತ್ತೇನು?"

ಚಹಾದ ಕಪ್ಪು ಕೆಳಗಿಟ್ಟು, "ಗೊತ್ತಿಲ್ಲಪ್ಪ" ಎಂದೆ. ಎಂಥ ಹಲ್ಕಾ ಮನುಷ್ಯ ನಾನು!

ಸಭೆಯಲ್ಲಿ ಕೊನೆಗೆ ಯೋಜನೆಯ ಪ್ರತಿಯನ್ನು ನನ್ನ ಮುಂದೆ ಇಟ್ಟು, "ಇಲ್ಲೊಂದು ಸೈನ್ ಸರ್" ಎಂದರು. ಇಂಗ್ಲಿಷಿನಲ್ಲಿತ್ತು. ಎಲ್ಲರೂ ಊಟಕ್ಕೆ ಕಾಯುತ್ತಿದ್ದರು, ನಾನು ಮೊದಲಿನಿಂದ ಓದಿದೆ. ಮಾನಸಿಕ ಆರೋಗ್ಯದ ಅಧ್ಯಾಯದಲ್ಲೇ ಇತ್ತು ಆ ಸಾಲು. ಹಿಂದುಳಿದು ಒತ್ತಡದಲ್ಲಿರುವ ವಿದ್ಯಾರ್ಥಿಗಳನ್ನು ಪಾಲಕರ ಒಪ್ಪಿಗೆ ಪಡೆದು ಮನೆಗೆ ಕಳಿಸಬಹುದು.

"ಯಾವ ಪಾಲಕ? ಅವನಿಗೆ ಇದನ್ನ ಓದಿ ಹೇಳೋರು ಯಾರು?" ಎಂದು ಕೂಗಿದೆ. ಕುಲಸಚಿವರು ನಯವಾಗಿ, "ಮಕ್ಕಳ ಒಳ್ಳೇದಕ್ಕೇ ಸರ್" ಎಂದರು. ನಾನು ರುಜು ಮಾಡದೆ ಎದ್ದು ಬಂದೆ. ಮರುದಿನ ಬೇರೆ ಯಾರಿಂದಲೋ ಮಾಡಿಸಿಕೊಂಡರಂತೆ.

ಬಸ್ಸಿನಲ್ಲಿ ಬರುವಾಗಲೂ ಸಿಟ್ಟು ಇಳಿದಿರಲಿಲ್ಲ. ಜೊತೆಗಾರನ ಊರಿಗೇ ಹೋಗಿ, 'ಕಾಕಾನಿಗೆ ಹಾಗೆ ಅನಿಸಿರಲಿಲ್ಲ ಮಾರಾಯ, ತಪ್ಪು ಓದಿದವನು ನಾನು' ಎಂದು ಹೇಳಿಬಿಡೋಣವೆಂದು ಅವನ ಮನೆಗೆ ಫೋನು ಹಚ್ಚಿದೆ. ಮಗ ಎತ್ತಿದ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು ಎಂದ.