ಕಾವೇರಮ್ಮನ ದನಿ ಇದ್ದ ಎರಡು ಡಿಸ್ಕ್

ಚಾಮರಾಜಪೇಟೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿಯಿದೆ. ಇಪ್ಪತ್ತೆರಡು ವರ್ಷದಿಂದ ಡೆಸ್ಕ್‌ಟಾಪ್ ಜೋಡಿಸಿ ಕೊಡುತ್ತಿದ್ದೇನೆ. ಬಾಯಿ ಜೋರು, ತಾಳ್ಮೆ ಕಡಿಮೆ. ಗಿರಾಕಿ ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ ಮುಖ ಸಿಂಡರಿಸುತ್ತೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬದರೀನಾರಾಯಣರಿಗೆ ಆದ ಅನಾಹುತದಲ್ಲಿ ದೊಡ್ಡ ಪಾಲು ನನ್ನದು.

ಬದರಿಯವರು ಮದುವೆ ವಿಡಿಯೋ ತೆಗೆಯುವವರು. ಹೆಗಲ ಮೇಲೆ ಭಾರದ ಕ್ಯಾಮೆರಾ ಹೊರುತ್ತಿದ್ದ ಕಾಲದವರು, ಬಲಭುಜ ಇವತ್ತಿಗೂ ಎಡಭುಜಕ್ಕಿಂತ ಎರಡು ಬೆರಳು ಕೆಳಗಿದೆ. ಅವರ ಹೆಂಡತಿ ಕಾವೇರಮ್ಮ ಹಸೆ ಹಾಡಿಗೆ ಹೆಸರಾದವರು. ಬಸವನಗುಡಿಯಾಗಲಿ ವೈಯಾಲಿಕಾವಲ್ ಆಗಲಿ, ಹುಡುಗ ಹುಡುಗಿಯನ್ನು ಹಸೆಗೆ ಕರೆಯುವಾಗ, ಆರತಿ ಎತ್ತುವಾಗ ಆಕೆಯೇ ಬೇಕು. ಗಂಡನ ವಿಡಿಯೋ, ಹೆಂಡತಿಯ ಹಾಡು. 'ಪ್ಯಾಕೇಜ್ ಬಂತು' ಅಂತ ನಾನೇ ಎಷ್ಟೋ ಸಲ ರೇಗಿಸಿದ್ದೇನೆ.

ಮೂರು ವರ್ಷದ ಕೆಳಗೆ ಕಾವೇರಮ್ಮನಿಗೆ ಗಂಟಲಿನ ಕ್ಯಾನ್ಸರ್ ಬಂತು. ಜೀವ ಉಳಿಸಲು ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಆಕೆ ಉಸಿರಾಡುವುದು ಕತ್ತಿನ ಬುಡದಲ್ಲಿರುವ ತೂತಿನಿಂದ. ಅದರ ಮೇಲೊಂದು ಬಿಳಿ ಬಟ್ಟೆ. ಹೇಳಬೇಕಾದ್ದನ್ನು ಸ್ಲೇಟಿನಲ್ಲಿ ಬರೆದು ತೋರಿಸುತ್ತಾರೆ.

ಹೋದ ವರ್ಷ ಮಗಳು ಧೃತಿಗೆ ಮದುವೆ ಗೊತ್ತಾಯಿತು. ತನ್ನ ಮದುವೆಗೆ ಅಮ್ಮನೇ ಹಾಡಬೇಕು ಅಂತ ಚಿಕ್ಕಂದಿನಿಂದ ಹೇಳಿಕೊಂಡು ಬಂದ ಹುಡುಗಿ ಅದು. ಬದರಿಯವರೇ ಒಂದು ದಾರಿ ಹುಡುಕಿದರು. ಗಿರಾಕಿಗಳಿಗೆ ಕೊಟ್ಟ ವಿಡಿಯೋಗಳಲ್ಲಿ ಹೆಂಡತಿಯ ದನಿ ಅಳಿಸಿ ಸಿನಿಮಾ ಹಾಡು ಹಾಕಿದವರು ಅವರೇ. ಜನ ಹಾಗೇ ಕೇಳುತ್ತಿದ್ದರು. ಆದರೆ ಅಟ್ಟದ ಮೇಲೆ ಎಡಿಟ್ ಮಾಡದ ಮೂಲ ಟೇಪುಗಳಿದ್ದವು, ನಾನೂರಕ್ಕೂ ಮೇಲೆ. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಹಾಡಿರುವ ಭಾಗ ಆರಿಸಿ, ಮದುವೆಯ ದಿನ ಆರತಿ ಹೊತ್ತಿಗೆ ಕಾವೇರಮ್ಮನ ದನಿ ಕೇಳಿಸಬೇಕು ಅನ್ನುವುದು ಅವರ ಆಸೆ.

ಹಳೇ ಕಂಪ್ಯೂಟರ್ ಆ ಕೆಲಸಕ್ಕೆ ಉಬ್ಬಸ ಪಡುತ್ತಿತ್ತು. ನಾನು ಹೊಸದು ಜೋಡಿಸಿದೆ. ವಿಂಡೋಸ್‌ಗೆ ಒಂದು ಸಣ್ಣ ಡಿಸ್ಕ್, ವಿಡಿಯೋಗಳಿಗೆ ಅತಿ ವೇಗದ ಎಸ್‌ಎಸ್‌ಡಿ ಡಿಸ್ಕ್ ಎರಡು, ಅವೆರಡನ್ನೂ ರೇಡ್‌ನಲ್ಲಿ ಕೂಡಿಸಿದೆ. ರೇಡ್ ಅಂದರೆ ಎರಡು ಡಿಸ್ಕನ್ನು ಒಂದರಂತೆ ಓಡಿಸುವುದು. ಒಂದು ಬಗೆಯಲ್ಲಿ ಎರಡರಲ್ಲೂ ಅದದೇ ಫೈಲ್ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದಿದೆ. ಇನ್ನೊಂದು ಬಗೆಯಲ್ಲಿ ಪ್ರತಿ ಫೈಲನ್ನೂ ಚೂರು ಮಾಡಿ ಅರ್ಧ ಇಲ್ಲಿ, ಅರ್ಧ ಅಲ್ಲಿ ಇಡುತ್ತದೆ; ವೇಗ ಹೆಚ್ಚು, ಆದರೆ ಒಂದು ಹೋದರೆ ಎರಡೂ ಕಸ. ನಾನು ಹಾಕಿದ್ದು ಎರಡನೆಯದು. ಪರದೆಯ ಮೇಲೆ ಬಂದ ವೇಗದ ಅಂಕಿ ನೋಡಿ ಹಿಗ್ಗಿ, ಅದರ ಫೋಟೋ ಸ್ಟೇಟಸ್‌ಗೆ ಹಾಕಿಕೊಂಡ ಮುಠ್ಠಾಳ ನಾನು.

"ಎರಡಿದೆ ಅಂದ್ಮೇಲೆ ಒಂದು ಹೋದ್ರೂ ಇನ್ನೊಂದ್ರಲ್ಲಿ ಇರುತ್ತಲ್ವಾ ಕೆಂಚಪ್ಪನೋರೇ?" ಅಂತ ಬದರಿಯವರು ಕೇಳಿದರು. ಎರಡನೇ ಸಲ ಕೇಳಿದರು. ನಾನು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದೆ. "ಹೂಂ" ಅಂದೆ.

ಎಂಟು ತಿಂಗಳು ಕೂತು ಎಲ್ಲ ಟೇಪನ್ನೂ ಇಳಿಸಿದರು. ಇಳಿಸಿ ಮುಗಿದ ಟೇಪುಗಳನ್ನೆಲ್ಲ ಗುಜರಿಗೆ ಹಾಕಿದರು. ಬೂಷ್ಟಿನ ಧೂಳು ಕಾವೇರಮ್ಮನ ಉಸಿರಿಗೆ ಆಗುತ್ತಿರಲಿಲ್ಲ. ಕೊನೆಗೆ ಐದು ನಿಮಿಷದ ಆರತಿ ಹಾಡು ಸಿದ್ಧವಾಗಿ, ಅದೂ ಅದೇ ಡಿಸ್ಕಿನಲ್ಲಿ ಕೂತಿತು. ನನಗೂ ಕೇಳಿಸಿದರು. ಕಾವೇರಮ್ಮ ಪಕ್ಕದಲ್ಲೇ ಕೂತು, ತನ್ನದೇ ದನಿಗೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಬದರಿಯವರಿಗೆ ಕ್ಯಾಮೆರಾ ಕಾಲದ ಒಂದು ಕಟ್ಟುನಿಟ್ಟಿನ ರೂಢಿ. ಹಿಂದೊಮ್ಮೆ ಕುಂಕುಮದ ನೀರಿಳಿದು ಕ್ಯಾಮೆರಾ ಸುಟ್ಟಿತ್ತು. ಅಂದಿನಿಂದ ಪೂಜೆಗೆ ಮೊದಲು ಪ್ರತಿ ಸಾಮಾನಿನ ಬ್ಯಾಟರಿ ತೆಗೆದು, ವಿಜಯದಶಮಿಯ ದಿನವೇ ಮತ್ತೆ ಹಾಕುವುದು. ಈ ಸಲ ಕಂಪ್ಯೂಟರಿನ ಡಬ್ಬಿಯನ್ನೂ ತೆರೆದರು. ಒಳಗೆ ರೂಪಾಯಿ ನಾಣ್ಯದಂಥ ಬ್ಯಾಟರಿ ಕಂಡಿತು. ಅದನ್ನೂ ತೆಗೆದು ತಟ್ಟೆಯಲ್ಲಿಟ್ಟು, ಡಬ್ಬಿಗೆ ಗಂಧ ಕುಂಕುಮ ಹಚ್ಚಿ, ಹೂವಿಟ್ಟು ಕೈಮುಗಿದರು.

ಆ ಬ್ಯಾಟರಿ ತೆಗೆದರೆ ಮದರ್‌ಬೋರ್ಡ್ ನಾನು ಮಾಡಿಟ್ಟ ಸೆಟ್ಟಿಂಗ್ ಎಲ್ಲ ಮರೆಯುತ್ತದೆ. ಮಾರನೇ ದಿನ ಅದಕ್ಕೆ ರೇಡ್ ಅನ್ನುವುದೇ ಗೊತ್ತಿರಲಿಲ್ಲ. ವಿಂಡೋಸ್ ಒಂದು ಡಿಸ್ಕಿನ ಬದಲು ಎರಡು ಖಾಲಿ ಡಿಸ್ಕ್ ತೋರಿಸಿ, ಫಾರ್ಮ್ಯಾಟ್ ಮಾಡಲೇ ಅಂತ ಕೇಳಿತು. ಹಬ್ಬದ ದಿನ ನನಗೆ ತೊಂದರೆ ಕೊಡಬಾರದು ಅಂತ ಬದರಿಯವರು ಫೋನ್ ಮಾಡಲಿಲ್ಲ. ಒಂದರಲ್ಲಿ ಹೋದರೂ ಇನ್ನೊಂದರಲ್ಲಿ ಇದ್ದೇ ಇರುತ್ತದಲ್ಲ ಅಂದುಕೊಂಡು ಮೊದಲನೆಯದಕ್ಕೆ ಹೂಂ ಅಂತ ಒತ್ತಿದರು.

ಎರಡನೆಯದು ಆಗಲೂ ಖಾಲಿ ಅಂತಲೇ ಹೇಳುತ್ತಿತ್ತು. ಆಗ ನನಗೆ ಫೋನ್ ಮಾಡಿದರು.

ಓಡಿಹೋದೆ. ಸೆಟ್ಟಿಂಗ್ ಸರಿ ಮಾಡಿದೆ, ಗೊತ್ತಿದ್ದವರನ್ನೆಲ್ಲ ಕೇಳಿದೆ, ಡಿಸ್ಕ್‌ಗಳನ್ನು ಡೇಟಾ ತೆಗೆದುಕೊಡುವವರ ಹತ್ತಿರ ಕೊಂಡೊಯ್ದೆ. ಟೇಪು ನೀರಿಗೆ ಬಿದ್ದರೂ ಒಣಗಿಸಿ ಏನಾದರೂ ತೆಗೆಯಬಹುದು. ಈ ಡಿಸ್ಕ್ ಹಾಗಲ್ಲ, ಫಾರ್ಮ್ಯಾಟ್ ಅಂದ ತಕ್ಷಣ ತನ್ನನ್ನು ತಾನೇ ಒರೆಸಿಕೊಳ್ಳುತ್ತದೆ. ಉಳಿದದ್ದರಲ್ಲಿ ಅರ್ಧರ್ಧ ಚೂರುಗಳು, ಯಾವುದೂ ತೆರೆಯಲಿಲ್ಲ.

ಎಲ್ಲವನ್ನೂ ಬಿಡಿಸಿ ಹೇಳಿದೆ. ಬದರಿಯವರು ಕೇಳಿಸಿಕೊಂಡು, "ನೀವು ಹೂಂ ಅಂದಿದ್ರಿ" ಅಂದರು. ಅಷ್ಟೇ. ಕೆನ್ನೆಗೆ ಬಾರಿಸಿದ್ದರೆ ನನಗೆ ಹಗುರಾಗುತ್ತಿತ್ತು. ಕಾವೇರಮ್ಮ ಸ್ಲೇಟಿನಲ್ಲಿ 'ಕಾಫಿ ಕುಡೀತೀರಾ' ಅಂತ ಬರೆದು ತೋರಿಸಿದರು.

ಮದುವೆ ವಿಶ್ವೇಶ್ವರಪುರಂನ ಒಂದು ಛತ್ರದಲ್ಲಿ ಆಯಿತು. ನಾನು ಹೋಗಲಿಲ್ಲ, ಮುಖವಿರಲಿಲ್ಲ. ನಾಲ್ಕು ದಿನ ಬಿಟ್ಟು ಬದರಿಯವರು ಅಂಗಡಿಗೆ ಬಂದು ಒಂದು ಮೆಮೊರಿ ಕಾರ್ಡ್ ಮೇಜಿನ ಮೇಲಿಟ್ಟರು. "ಆರತಿ ನಾನೇ ತೆಗ್ದಿದ್ದು. ನೋಡಿ" ಅಂದರು.

ವಾಲಗ ನಿಂತಿದೆ. ಬೇರೆ ಹೆಂಗಸರು ಯಾರೂ ಹಾಡುತ್ತಿಲ್ಲ. ಆರತಿ ತಟ್ಟೆ ಹಿಡಿದ ಕಾವೇರಮ್ಮ ಮಗಳ ಮುಖ ನೋಡುತ್ತಾ ತುಟಿಯಲ್ಲೇ ಹಾಡುತ್ತಿದ್ದಾರೆ, ಮೊದಲಿನಿಂದ ಕೊನೆಯವರೆಗೆ, ಒಂದು ಸಾಲೂ ಬಿಡದೆ. ಪಲ್ಲವಿ ಬಂದಾಗಲೆಲ್ಲ ಧೃತಿ ತಲೆ ಬಗ್ಗಿಸುತ್ತಾಳೆ. ಎಲ್ಲೋ ಪಾತ್ರೆಯ ಸದ್ದು, ಒಂದು ಮಗುವಿನ ಅಳು. ಪ್ರತಿ ಸಾಲಿನ ಕೊನೆಯಲ್ಲಿ ಕತ್ತಿನ ಬಟ್ಟೆಯೊಳಗಿಂದ ಉಸ್ಸೆಂದು ಗಾಳಿ ಬರುವುದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ.

"ಇದನ್ನ ಎರಡು ಕಡೆ ಇಟ್ಕೊಡಿ ಕೆಂಚಪ್ಪನೋರೇ" ಅಂದರು ಬದರಿಯವರು. "ಎರಡ್ರಲ್ಲೂ ಪೂರ್ತಿ ಇರ್ಬೇಕು."

ಈ ಸಲ ನಾನು ಹೂಂ ಅನ್ನಲಿಲ್ಲ. ಕುರ್ಚಿ ಎಳೆದು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡು ಡಿಸ್ಕಿಗೆ ಹಾಕಿ, ಎರಡರಿಂದಲೂ ಕೊನೆಯವರೆಗೆ ಓಡಿಸಿ ತೋರಿಸಿದೆ. ಎರಡು ಸಲವೂ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.